ಬಂಗುಡೆ ಬಿದ್ದ ದಿನದ ಕರಕರ

ಕೊಡೇರಿ
9 ಸೆಪ್ಟೆಂಬರ್ 2024

ಸೌಮ್ಯಶ್ರೀಗೆ ಚಂದಯ್ಯ ಮಾವನ ಆಶೀರ್ವಾದ.

ಇಲ್ಲಿ ಯಾರೂ ಕ್ಷೇಮ ಇಲ್ಲ, ಹಾಗಾಗಿ ಆ ಸಾಲು ಬಿಡುತ್ತೇನೆ. ಫೋನು ಬಿಟ್ಟು ಕಾಗದ ಬರೆದನಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ಬಾಯಲ್ಲಿ ಅನ್ನ ಇಟ್ಟುಕೊಂಡವಳ ಹಾಗೆ ಮಾತಾಡುತ್ತೀ, ನಾನು ಎಂತ ಎಂತ ಎಂದು ಕೇಳಿದರೆ ಸಿಟ್ಟು ಮಾಡಿ ಇಟ್ಟುಬಿಡುತ್ತೀ. ಕಾಗದವಾದರೆ ನಿಧಾನಕ್ಕೆ ಓದಬಹುದು, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ನೀನೂ ಕಾಗದದಲ್ಲೇ ಉತ್ತರ ಬರೆ. ಬೈಂದೂರು ಬಸ್ಸಿನ ಕಂಡಕ್ಟರ್ ರತೀಶನ ಕೈಯಲ್ಲಿ ಕೊಟ್ಟರೆ ಅದೇ ದಿನ ನನಗೆ ಸಿಗುತ್ತದೆ. ಅಂಚೆಗೆ ಹಾಕಿ ಕಾಯುವಷ್ಟು ತಾಳ್ಮೆ ನನಗಿಲ್ಲ.

ವಿಷಯ ಮಂಜನದ್ದು. ನನ್ನ ತಂಗಿ ವನಜ, ನಿನ್ನನ್ನು ಹೆತ್ತ ಅಬ್ಬಿ, ಹೇಳಿರಬಹುದು, ಆದರೂ ನನ್ನಿಂದ ಕೇಳು. ಕಳೆದ ತಿಂಗಳ ಕೊನೆಗೆ ಅವನ ದೋಣಿಯ ಎಂಜಿನು ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಬಂದ್ ಬಿತ್ತು. ತೆರೆ ಜೋರಿತ್ತು. ಅವ ವಯರ್ಲೆಸ್ಸಿನಲ್ಲಿ ಕರೆದನಂತೆ, ಮತ್ತೆ ಮತ್ತೆ ಕರೆದ ಗಡ. ಮೀನುಗಾರರ ಸಂಘದ ವಯರ್ಲೆಸ್ಸು ಇರುವುದು ನಮ್ಮ ಜಗಲಿಯಲ್ಲಿ, ಹೆಡ್‌ಫೋನು ಹಾಕಿ ಕುಳಿತವ ನಾನು. ನನಗೆ ಬಂದದ್ದು ಬರೀ ಕರಕರ. ಹಲ್ಲಿನಲ್ಲಿ ಮರಳು ಅಗಿದ ಹಾಗೆ ಒಂದು ಶಬ್ದ, ಅದರ ನಡುವೆ ಮಾತು ಉಂಟೋ ಇಲ್ಲವೋ ತಿಳಿಯುವುದಿಲ್ಲ. ದೋಣಿ ತಡೆಗೋಡೆಯ ಕಲ್ಲಿಗೆ ಹೊಡೆದು ಮಂಜನ ಸೊಂಟ ಮುರಿಯಿತು. ಈಗ ಮನೆಯಲ್ಲಿ ಮಲಗಿದ್ದಾನೆ, ಇನ್ನು ಕಡಲಿಗೆ ಇಳಿಯುತ್ತಾನೋ ಇಲ್ಲವೋ ಎಂದು ಡಾಕ್ಟರೂ ಹೇಳುವುದಿಲ್ಲ.

ಮೊನ್ನೆ ಸಂಘದ ಮೀಟಿಂಗಿನಲ್ಲಿ ಅಧ್ಯಕ್ಷ ಗಣಪ ಎದ್ದು ನಿಂತು, "ಚಂದಯ್ಯಣ್ಣನ ಕೆಮಿ ಹೋಯ್ತ್, ಬೇರೆಯವ್ರನ್ನ್ ಕೂರ್ಸ್ಕ್" ಅಂದ. ಎಲ್ಲರ ಎದುರಿಗೆ. ಅವನಿಗೆ ಬಲೆ ಹೊಲಿಯಲು ಕಲಿಸಿದವ ನಾನು. ದೀಪಾವಳಿ ಕಳೆದ ಮೇಲಿನ ಮೀಟಿಂಗಿನಲ್ಲಿ ತೀರ್ಮಾನ ಮಾಡುತ್ತಾರಂತೆ. ದೋಣಿ ನಡೆಸುವುದು ಬಿಟ್ಟ ಮೇಲೆ ನನಗೆ ಉಳಿದದ್ದು ಆ ಒಂದು ಕುರ್ಚಿ. ಅದೂ ಹೋದರೆ ಅಂಗಳದ ಒಣಮೀನಿಗೆ ಬರುವ ಕಾಗೆ ಓಡಿಸುವುದೇ ಕೆಲಸ.

ನನ್ನ ಕಿವಿಗೆ ಎಂತದೂ ಆಗಲಿಲ್ಲ. ಕರಕರ ಇರುವುದು ಗಾಳಿಯಲ್ಲಿ. ನಿಮ್ಮ ಕಾಲೇಜಿನಲ್ಲಿ ರೇಡಿಯೋ ಅಲೆಯನ್ನು ಕಣ್ಣಿಗೆ ತೋರಿಸುವ ಯಂತ್ರ ಇದೆ ಎಂದು ನಿನ್ನ ಅಬ್ಬಿಗೆ ಫೋಟೋ ತೋರಿಸಿದ್ದೆಯಲ್ಲ, ಅದನ್ನು ತೆಗೆದುಕೊಂಡು ಬಾ. ಗಣಪನೂ ಕಣ್ಣಾರೆ ನೋಡಲಿ.

ನಿನ್ನ ಮಾವ
ಚಂದಯ್ಯ


ಬ್ರಹ್ಮಾವರ
16 ಸೆಪ್ಟೆಂಬರ್ 2024

ಮಾವನಿಗೆ ನಮಸ್ಕಾರ.

ನಿನ್ನೆಯ ತಲೆಬಿಸಿ ಇನ್ನೂ ಇಳಿದಿಲ್ಲ, ಆದರೂ ನೀವು ಹೇಳಿದ ಹಾಗೆ ಕಾಗದದಲ್ಲೇ ಬರೆಯುತ್ತಿದ್ದೇನೆ. ಮುಖತಾ ಹೇಳಲು ನೀವು ಬಿಡಲಿಲ್ಲವಲ್ಲ.

ಆ ಸ್ಪೆಕ್ಟ್ರಮ್ ಅನಲೈಸರ್ ಎಷ್ಟು ಭಾರ ಇದೆ ಎಂದು ನಿಮಗೆ ಗೊತ್ತಾ? ನಮ್ಮ ವಿಭಾಗದ ಮುಖ್ಯಸ್ಥರ ಕೈಕಾಲು ಹಿಡಿದು, ಭಾನುವಾರ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದೆ. ಕುಂದಾಪುರದಿಂದ ಆಚೆ ಪಕ್ಕದಲ್ಲಿ ಕುಳಿತ ಅಜ್ಜಿ ಇದು ಮಿಕ್ಸಿಯಾ ಎಂದು ಕೇಳುತ್ತಲೇ ಇದ್ದರು. ಜಗಲಿಯಲ್ಲಿ ಇಟ್ಟು ನಿಮ್ಮ ಆಂಟೆನಾಕ್ಕೆ ಜೋಡಿಸಿ ಬೆಳಗಿನಿಂದ ಸಂಜೆವರೆಗೆ ಕುಳಿತೆ. ದೋಣಿಯವರು ಮಾತಾಡಿದಾಗ ಒಂದು ಗೆರೆ ಮೇಲೇಳುತ್ತಿತ್ತು, ಮಾತು ಮುಗಿದರೆ ಕೂರುತ್ತಿತ್ತು. ಉಳಿದದ್ದು ಸಪಾಟು. ಕರಕರದ ಸುಳಿವೇ ಇಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅದಕ್ಕೆ ನೀವು ಗಣಪಣ್ಣನ ಎದುರಿಗೆ, "ಈ ಡಬ್ಬಿಯೂ ಪ್ರಯೋಜನ ಇಲ್ಲೆ, ತಂದವ್ಳೂ ಪ್ರಯೋಜನ ಇಲ್ಲೆ" ಅಂದಿರಿ.

ನಾನು ಮಕ್ಕಳಿಗೆ ಇದನ್ನೇ ಪಾಠ ಮಾಡುವವಳು, ಮಾವ. ಯಂತ್ರದಲ್ಲಿ ಕಾಣದ್ದನ್ನು ಕಂಡಿದೆ ಎಂದು ಹೇಳಲು ನನಗೆ ಬರುವುದಿಲ್ಲ.

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಎಷ್ಟೋ ವರ್ಷ ಎಂಜಿನಿನ ಪಕ್ಕದಲ್ಲೇ ಕುಳಿತು ದೋಣಿ ನಡೆಸಿದವರು ನೀವು. ಕುಂದಾಪುರದಲ್ಲಿ ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಿ ಬನ್ನಿ. ನಾನೇ ಕರೆದುಕೊಂಡು ಹೋಗುತ್ತೇನೆ.

ಸೌಮ್ಯಶ್ರೀ


ಕೊಡೇರಿ
21 ಸೆಪ್ಟೆಂಬರ್ 2024

ಸೌಮ್ಯಶ್ರೀಗೆ,

ಆಶೀರ್ವಾದ ಬರೆಯುವ ಮನಸ್ಸಿಲ್ಲ, ಆದರೆ ಬಿಟ್ಟರೆ ನಿನ್ನ ಅಬ್ಬಿ ಬೈಯುತ್ತಾಳೆ. ಇಗೋ ಆಶೀರ್ವಾದ.

ನೀನು ಬಂದು ಉಪಕಾರ ಮಾಡಿದ್ದು ಸಾಕು. ಗಣಪ ಈಗ ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾನೆ: "ಸ್ವಂತ ಸೊಸೆಯೇ ಮಿಷನ್ ತಂದ್ ಕಂಡ್ಳ್, ಗಾಳಿಯಗೆ ಎಂತದೂ ಇಲ್ಲೆ ಗಡ." ಮೊದಲು ನನ್ನ ಮಾತು, ಅವನ ಮಾತು ಎಂದು ಇತ್ತು. ಈಗ ಅವನ ಕಡೆಗೆ ನೀನೂ, ನಿನ್ನ ಡಬ್ಬಿಯೂ. ಕೋರ್ಟಿನಲ್ಲಿ ನಮ್ಮ ಕಡೆಯ ಸಾಕ್ಷಿಯೇ ಎದುರಾಳಿಯ ಪರ ಹೇಳಿದ ಹಾಗಾಯಿತು. ಕಿವಿಯ ಡಾಕ್ಟರ ವಿಷಯ ಇನ್ನೊಮ್ಮೆ ಎತ್ತಬೇಡ. ನನ್ನ ಕಿವಿ ನನಗೆ ಗೊತ್ತು.

ನಿನಗೆ ಗಾಳಿ ಸಪಾಟಾಗಿ ಕಂಡದ್ದು ಯಾಕೆಂದು ಕೇಳು. ನೀನು ಬಂದ ದಿನ ಯಾರಿಗೂ ಮೀನು ಬೀಳಲಿಲ್ಲ. ಎಲ್ಲರೂ ಬರಿಗೈಯಲ್ಲಿ ಬಂದರು. ಮೀನಿಲ್ಲದ ದಿನ ಕರಕರ ಇರುವುದಿಲ್ಲ. ಬಂಗುಡೆ ಬಿದ್ದ ದಿನ ಬಂದು ಕೂತು ನೋಡು. ಮಂಜನ ದೋಣಿ ಒಡೆದ ದಿನವೂ ಬಂಗುಡೆ ರಾಶಿ ಬಿದ್ದಿತ್ತು. ಇದನ್ನು ನಾನು ಆ ದಿನವೇ ಹೇಳಹೊರಟೆ, ನೀನು ಯಂತ್ರದ ಕಿವಿ ತಿರುಪುತ್ತಾ ಕೂತಿದ್ದೆ.

ನಿನ್ನ ಅಬ್ಬಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮಗಳಿಗೆ ಬೈದೆ ಎಂದು. ಊಟದ ಬಟ್ಟಲು ಇಡುವ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ.

ಚಂದಯ್ಯ


ಬ್ರಹ್ಮಾವರ
28 ಸೆಪ್ಟೆಂಬರ್ 2024

ಮಾವನಿಗೆ ನಮಸ್ಕಾರ.

ಬಂಗುಡೆ ಬಿದ್ದ ದಿನ ಮಾತ್ರ ಕರಕರ. ಇಷ್ಟು ಮುಖ್ಯವಾದ ವಿಷಯವನ್ನು ನೀವು ಬೈಗುಳದ ನಡುವೆ ಎಲ್ಲೋ ಮೂಲೆಯಲ್ಲಿ ಬರೆಯುತ್ತೀರಿ. ಮೊದಲ ಕಾಗದದಲ್ಲೇ ಬರೆದಿದ್ದರೆ ನಾನು ಆ ಭಾರ ಹೊರುತ್ತಿರಲಿಲ್ಲ. ಎರಡು ದಿನ ಇದೇ ಯೋಚನೆ ಮಾಡಿದೆ. ಆ ಹಳೆಯ ಯಂತ್ರ ತಂದದ್ದೇ ನನ್ನ ತಪ್ಪು ಅಂತ ಈಗ ಅನಿಸುತ್ತಿದೆ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ.

ಆ ಯಂತ್ರ ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ನೋಡುವುದಿಲ್ಲ. ಒಂದು ತುದಿಯಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತಾ ಇನ್ನೊಂದು ತುದಿಗೆ ಹೋಗುತ್ತದೆ, ಮತ್ತೆ ಮೊದಲಿನಿಂದ. ಅದು ಆಚೆ ತುದಿಯಲ್ಲಿ ಇರುವಾಗ ಈಚೆ ತುದಿಯಲ್ಲಿ ಏನಾದರೂ ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪರದೆ ಸಪಾಟಾಗಿ ಕಾಣುತ್ತದೆ, ನಾವು ಗಾಳಿಯೇ ಸಪಾಟು ಎಂದುಕೊಳ್ಳುತ್ತೇವೆ. ಬೀಸುಬಲೆ ಬಿದ್ದ ಕಡೆ ಮೀನಿಲ್ಲದಿದ್ದರೆ ಕಡಲಲ್ಲೇ ಮೀನಿಲ್ಲ ಎಂದ ಹಾಗೆ.

ಇನ್ನೊಂದು ಬಗೆಯದ್ದು ಇದೆ. ಅದನ್ನು ರಿಯಲ್ ಟೈಮ್ ಎನ್ನುತ್ತಾರೆ. ಅದು ಕೈರಂಪಣಿಯ ಉದ್ದ ಬಲೆ ಎಳೆದ ಹಾಗೆ, ಆ ಹರವಿನಲ್ಲಿ ಇದ್ದದ್ದೆಲ್ಲ ಒಟ್ಟಿಗೆ ಬರುತ್ತದೆ. ಆಂಟೆನಾದಿಂದ ಬರುವ ಅಲೆಯನ್ನು ಬಿಡದೆ ಅಂಕಿಗಳಾಗಿ ಮಾಡಿ, ಆ ಅಂಕಿಗಳ ಸಣ್ಣ ಸಣ್ಣ ಕಂತೆ ಕಟ್ಟಿ, ಒಂದೊಂದು ಕಂತೆಯಲ್ಲಿ ಯಾವ ಚಾನೆಲ್‌ನಲ್ಲಿ ಎಷ್ಟು ಜೋರಿತ್ತು ಎಂದು ಲೆಕ್ಕ ಹಾಕುತ್ತದೆ. ಒಂದು ಕಂತೆ ಮುಗಿಯುವ ಮೊದಲೇ ಮುಂದಿನ ಕಂತೆ ಶುರುವಾಗಿರುತ್ತದೆ, ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡೇ ಇರುತ್ತವೆ. ಹಾಗಾಗಿ ನಡುವೆ ಸೋರಿಹೋಗಲು ಸಂದೇ ಇರುವುದಿಲ್ಲ. ಸೆಕೆಂಡಿಗೆ ಸಾವಿರಾರು ಚಿತ್ರ ಆಗುತ್ತದೆ. ಅಷ್ಟನ್ನು ನಮ್ಮ ಕಣ್ಣು ನೋಡಲಾರದು. ಅದಕ್ಕೆ ಎಲ್ಲವನ್ನೂ ಒಂದರ ಮೇಲೊಂದು ಹಾಕಿ ಬಣ್ಣ ಬಳಿಯುತ್ತದೆ. ಮತ್ತೆ ಮತ್ತೆ ಬಂದದ್ದು ಕೆಂಪು, ಅಪರೂಪಕ್ಕೆ ಬಂದದ್ದು ನೀಲಿ. ಒಂದೇ ಒಂದು ಸಲ ಬಂದು ಹೋದದ್ದೂ ತೆಳು ನೀಲಿಯಾಗಿ ಸ್ವಲ್ಪ ಹೊತ್ತು ಉಳಿದು ಆಮೇಲೆ ಮಾಸುತ್ತದೆ.

ಈ ಯಂತ್ರ ನಮ್ಮ ಕಾಲೇಜಿನಲ್ಲಿಲ್ಲ. ಕೊಡಿಸಿ ಎಂದು ಕೇಳಿದರೆ ಮುಖ್ಯಸ್ಥರು ನನ್ನನ್ನು ನೋಡಿದ ರೀತಿ ಹೇಳುವಂಥದ್ದಲ್ಲ. ಯಂತ್ರ ಮಾರುವ ಕಂಪೆನಿಯ ರತನ್ ಎಂಬವರು ಕಾಲೇಜಿಗೆ ಬರುತ್ತಿರುತ್ತಾರೆ. ನವರಾತ್ರಿ ಕಳೆದ ಮೇಲೆ ಪ್ರದರ್ಶನದ ಯಂತ್ರ ತರುತ್ತಾರೆ, ಒಂದು ದಿನ ಕೊಡೇರಿಗೆ ಬರಲು ಒಪ್ಪಿದ್ದಾರೆ. ಅವರಿಗೆ ಮೀನೂಟ ಹಾಕಬೇಕು, ಇದು ಅಮ್ಮನಿಗೆ ಹೇಳಿ. ಮಾತು ಬಿಟ್ಟಿದ್ದರೆ ಕಾಗದ ತೋರಿಸಿ.

ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಬರೆಯಿರಿ. ಮೀನು ಬಿದ್ದ ಹೊತ್ತಿನಲ್ಲಿ ವಯರ್ಲೆಸ್ಸಿನಲ್ಲಿ ಯಾರ್ಯಾರು ಮಾತಾಡುತ್ತಾರೆ?

ಸೌಮ್ಯಶ್ರೀ


ಕೊಡೇರಿ
5 ಅಕ್ಟೋಬರ್ 2024

ಸೌಮ್ಯಶ್ರೀಗೆ ಆಶೀರ್ವಾದ.

ಕೈರಂಪಣಿ ಎಳೆಯುವುದು ಹೇಗೆಂದು ನನಗೆ ಕಲಿಸಬೇಡ. ಉಳಿದದ್ದು ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಅಂದರೆ ನೀನು ಮೊದಲು ತಂದದ್ದು ಕುರುಡು ಡಬ್ಬಿ. ಅದನ್ನು ನಾನು ಆ ದಿನವೇ ಹೇಳಿದ್ದೆ, ನಿನಗೆ ಒಪ್ಪಿಕೊಳ್ಳಲು ಹದಿಮೂರು ದಿನ ಬೇಕಾಯಿತು.

ನಿನ್ನ ಪ್ರಶ್ನೆಗೆ ಉತ್ತರ: ಯಾರೂ ಮಾತಾಡುವುದಿಲ್ಲ. ಬ್ರಹ್ಮಾವರಕ್ಕೆ ಹೋಗಿ ನೀನು ಊರಿನ ರೀತಿಯನ್ನೇ ಮರೆತೆಯಾ? ಬಂಗುಡೆಯ ಹಿಂಡು ಕಂಡವ ವಯರ್ಲೆಸ್ಸಿನಲ್ಲಿ ಬಾಯಿ ಬಿಡುತ್ತಾನಾ? ಬಿಟ್ಟರೆ ಬೈಂದೂರಿನಿಂದ ಗಂಗೊಳ್ಳಿವರೆಗಿನ ದೋಣಿಗಳೆಲ್ಲ ಅವನ ತಲೆ ಮೇಲೆ ಬಂದು ನಿಲ್ಲುತ್ತವೆ. ಮೀನು ಸಿಕ್ಕಿದ ಹೊತ್ತಿನಲ್ಲಿ ಕಡಲಲ್ಲಿ ಒಂದು ಪಿಟ್ಟೆಂಬ ಮಾತಿಲ್ಲ. ಇದನ್ನು ನೀನು ಸಣ್ಣವಳಿದ್ದಾಗಲೇ ಹೇಳಿದ್ದೆ. ಮಾತಿಲ್ಲದ ಹೊತ್ತಿನಲ್ಲೇ ಕರಕರ ಬರುವುದು, ಅದೇ ನನಗೂ ಆಶ್ಚರ್ಯ.

ಮಂಜನ ಮನೆಗೆ ನಾನಿನ್ನೂ ಹೋಗಿಲ್ಲ. ಹೋಗಿ ಎಂತ ಹೇಳುವುದು? ಗಾಳಿಯಲ್ಲಿ ಕರಕರ ಇತ್ತು ಎಂದರೆ ನಂಬಬೇಕಲ್ಲ. ನಿನ್ನ ಯಂತ್ರ ಅದನ್ನು ತೋರಿಸಿದ ದಿನ ಆ ಚಿತ್ರ ಹಿಡಿದುಕೊಂಡೇ ಹೋಗುತ್ತೇನೆ. ಅಲ್ಲಿಯವರೆಗೆ ಅವರ ಮನೆಯ ಎದುರಿನ ದಾರಿ ಬಿಟ್ಟು ಸುತ್ತು ಬಳಸಿ ಅಂಗಡಿಗೆ ಹೋಗುತ್ತಿದ್ದೇನೆ. ಈ ವಯಸ್ಸಿನಲ್ಲಿ ಇದೂ ಒಂದು ಗ್ರಹಚಾರ.

ನಿನ್ನ ಅಬ್ಬಿ ಮಾತಾಡಿದಳು. ರತನನಿಗೆ ಯಾವ ಮೀನು ಆಗುತ್ತದೆ ಎಂದು ಕೇಳಲು.

ಚಂದಯ್ಯ


ಬ್ರಹ್ಮಾವರ
22 ಅಕ್ಟೋಬರ್ 2024

ಮಾವನಿಗೆ ನಮಸ್ಕಾರ.

ಭಾನುವಾರ ನಡೆದದ್ದನ್ನು ನೀವೇ ಕಣ್ಣಾರೆ ನೋಡಿದಿರಿ, ಆದರೂ ಬರೆಯುತ್ತೇನೆ. ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಬೆಳಿಗ್ಗೆ ಯಂತ್ರ ಸುಮ್ಮನಿತ್ತು. ದೋಣಿಯವರ ಮಾತು ಕೆಂಪಾಗಿ ಏಳುತ್ತಿತ್ತು, ಕೂರುತ್ತಿತ್ತು. ರತನ್ ಅವರು ದೋಣಿಯವರು ನಿಮ್ಮನ್ನು ಕರೆಯುವ ಚಾನೆಲ್‌ನ ಸುತ್ತ ಪರದೆಯ ಮೇಲೆ ಒಂದು ಬೇಲಿ ಎಳೆದರು. ಆ ಬೇಲಿಯನ್ನು ಏನೇ ದಾಟಿದರೂ ಯಂತ್ರ ಆ ಕ್ಷಣವನ್ನು ಹಿಡಿದಿಡುತ್ತದೆ, ಅದಕ್ಕಿಂತ ಸ್ವಲ್ಪ ಮೊದಲಿನದ್ದನ್ನೂ ಸೇರಿಸಿ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶುರುವಾಯಿತಲ್ಲ. ತೆಳು ನೀಲಿ ಗೀರುಗಳು, ಒಂದಾದ ಮೇಲೊಂದು. ಕೆಳಗಿನ ಕಿಟಕಿಯಲ್ಲಿ ಹೊತ್ತು ಹೋದ ಹಾಗೆ ಒಂದೊಂದೇ ಗೆರೆ ಕೆಳಗೆ ಸರಿಯುತ್ತದೆ. ಅಲ್ಲಿ ಹಿಗ್ಗಿಸಿ ನೋಡಿದರೆ ಪ್ರತಿ ಗೀರೂ ಮೀನಿನ ಗಾಳದ ಹಾಗೆ ಬಾಗಿತ್ತು. ಎಲ್ಲೋ ದೂರದ ಚಾನೆಲ್‌ನಲ್ಲಿ ಹುಟ್ಟಿ, ನಮ್ಮ ಕರೆಯ ಚಾನೆಲ್‌ನ ಮೇಲೆ ಜಾರಿ, ಪಕ್ಕದ ಇನ್ನೊಂದು ಚಾನೆಲ್‌ಗೆ ಹೋಗಿ ನೇರವಾಗಿ ನಿಲ್ಲುತ್ತಿತ್ತು. ನಿಂತ ಕೂಡಲೇ ಮಾಯ.

ಇದು ವಾಕಿಟಾಕಿಯ ಗುಂಡಿ ಒತ್ತಿ ಬಿಟ್ಟ ಗುರುತು ಎಂದು ರತನ್ ಹೇಳಿದರು. ಕಳಪೆ ಸೆಟ್ಟುಗಳು ಗುಂಡಿ ಒತ್ತಿದ ಕೂಡಲೇ, ತಮ್ಮ ಚಾನೆಲ್‌ನಲ್ಲಿ ಸರಿಯಾಗಿ ನಿಲ್ಲುವ ಮೊದಲೇ ಕೂಗಲು ಶುರುಮಾಡುತ್ತವೆ. ದಾರಿಯಲ್ಲಿ ಸಿಕ್ಕಿದ ಚಾನೆಲ್‌ಗಳನ್ನೆಲ್ಲ ಮೆಟ್ಟಿಕೊಂಡು ಹೋಗುತ್ತವೆ. ಆದರೆ ಮಾತಾಡದೆ ಗುಂಡಿ ಮಾತ್ರ ಯಾರು ಒತ್ತುತ್ತಾರೆ, ಯಾಕೆ ಒತ್ತುತ್ತಾರೆ ಎಂದು ನಾವಿಬ್ಬರೂ ತಲೆ ಕೆರೆದುಕೊಳ್ಳುತ್ತಾ ಕುಳಿತಿದ್ದೆವು. ಅಮ್ಮ ಸಾರಿನ ಪಾತ್ರೆ ಹಿಡಿದುಕೊಂಡು ಬಂದು ಹೇಳಿದಳು: "ಅದ್ ಮೀನ್ ಸಿಕ್ದದಕ್ಕೆ ಗುಂಡಿ ಒತ್ತೂದಲ್ದಾ? ಮೂರ್ ಸಲ ಒತ್ರೆ ಬಂಗ್ಡಿ. ಊರಿಗೇ ಗೊತ್ತಿತ್."

ಊರಿಗೇ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಗಣಪಣ್ಣನ ಮಾಟುಬಲೆಯ ದೋಣಿಗಳ ಗುಂಪು ಬಾಯಿ ಬಿಡದೆ ಗುಂಡಿಯ ಟಕ್ಕಿನಲ್ಲೇ ತಮ್ಮವರಿಗೆ ಸುದ್ದಿ ಕೊಡುತ್ತದೆ, ಒಬ್ಬ ಒತ್ತಿದರೆ ಉಳಿದವರು ಕೇಳಿತು ಎಂದು ಮರಳಿ ಒತ್ತುತ್ತಾರೆ. ನಾನು ಬರಹದಲ್ಲಿ ಕೇಳಿದೆ, ನೀವು ಬರಹದಲ್ಲಿ ಯಾರೂ ಮಾತಾಡುವುದಿಲ್ಲ ಎಂದಿರಿ. ಯಾಕೆ ಹೇಳಲಿಲ್ಲ ಎಂದರೆ, "ಅದ್ ಮಾತಲ್ಲ ಅಲ್ದಾ" ಅಂದಿರಿ, ನನಗೇ ಬುದ್ಧಿಯಿಲ್ಲ ಎನ್ನುವ ಹಾಗೆ. ಗುಂಡಿ ಒತ್ತಿದರೆ ಅಲೆ ಹೊರಡುತ್ತದೆ, ಮಾವ. ಬಾಯಿ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಒಂದೂರು ಜನ ಸೇರಿ ಇಷ್ಟು ದಿನ ತಮ್ಮ ಕರೆಯನ್ನು ತಾವೇ ಅಗಿದು ತಿಂದಿದ್ದಾರೆ, ಕೇಳಿದರೆ ನಾವು ಸುಮ್ಮನಿದ್ದೆವು ಎನ್ನುತ್ತಾರೆ.

ಏನೇ ಇರಲಿ, ನೀವು ಹೇಳಿದ್ದು ನಿಜವಾಯಿತು. ಗಾಳಿಯಲ್ಲಿ ಕರಕರ ಇದೆ. ಅನುಮಾನಪಟ್ಟದ್ದಕ್ಕೆ ನನ್ನದು ತಪ್ಪಾಯಿತು.

ಸಂಘಕ್ಕೆ ಲಿಖಿತ ವರದಿ ಬೇಕು ಎಂದು ಗಣಪಣ್ಣ ಕೇಳಿದ್ದಾರೆ. ಚಿತ್ರಗಳ ಜೊತೆ ಬರೆದು ಕೊಡುತ್ತೇನೆ. ಸ್ವಲ್ಪ ಸಮಯ ಬೇಕು.

ಸೌಮ್ಯಶ್ರೀ


ಕೊಡೇರಿ
29 ಅಕ್ಟೋಬರ್ 2024

ಸೌಮ್ಯಶ್ರೀಗೆ ಮಾವನ ದೊಡ್ಡ ಆಶೀರ್ವಾದ.

ವರದಿ ಎಲ್ಲಿ? ಒಂದು ವಾರ ಆಯಿತು. ನಾಲ್ಕು ಸಾಲು ಬರೆಯಲು ನಿನಗೆ ಎಷ್ಟು ದಿನ ಬೇಕು? ಹಬ್ಬ ಕಳೆದ ಕೂಡಲೇ ಮೀಟಿಂಗು. ರತೀಶ ಬಸ್ಸಿನಿಂದ ಇಳಿದು ಬರಿಗೈ ತೋರಿಸುತ್ತಾನೆ, ನನಗೆ ಅವನ ಮೇಲೂ ಸಿಟ್ಟು ಬರುತ್ತದೆ.

ಗಣಪನ ಮುಖ ನೀನು ನೋಡಬೇಕಿತ್ತು. ಮೊದಲು, "ಗುಂಡಿ ಒತ್ತದಿದ್ರೆ ಮೀನ್ ಸಿಕ್ದದ್ ಹ್ಯಾಂಗ್ ಹೇಳೂದ್" ಎಂದು ಜಗಳಕ್ಕೆ ಬಂದ. ಆಮೇಲೆ ಅಗ್ಗಕ್ಕೆ ಸಿಗುತ್ತದೆ ಎಂದು ಆ ಸೆಟ್ಟುಗಳನ್ನು ತರಿಸಿದ್ದು ತಾನೇ ಎಂದು ನೆನಪಾಗಿರಬೇಕು, ತಣ್ಣಗಾದ. ಈಗ ಒಳ್ಳೆಯ ಸೆಟ್ಟು ತರಿಸುವ ಮಾತಾಡುತ್ತಿದ್ದಾನೆ. ಗುಂಡಿ ಒತ್ತಿದವರಿಗೆ ದಂಡ ಹಾಕುವ ಮಾತೂ ಇದೆ, ಅದು ನಡೆಯುವುದಿಲ್ಲ ಬಿಡು. ಅಂಗಡಿಯ ಬಾಗಿಲಲ್ಲಿ ನಾಲ್ಕು ಜನ ಇರುವಾಗ ನಾನು ಬೇಕೆಂದೇ, "ಈಗಳ್ ಯಾರ್ ಕೆಮಿ ಹೋದ್ದ್?" ಎಂದು ಕೇಳಿದೆ.

ನನ್ನ ಕುರ್ಚಿ ಉಳಿಯಿತು. ಇಷ್ಟಕ್ಕೆಲ್ಲ ನೀನೇ ಕಾರಣ, ಅದನ್ನು ಒಪ್ಪುತ್ತೇನೆ. ಆದರೆ ಮಾಡಿದ ಕೆಲಸಕ್ಕೆ ಕೊನೆಯ ಗಂಟು ಹಾಕದೆ ಬಿಟ್ಟಿದ್ದೀಯಲ್ಲ, ಅದು ನನಗೆ ಆಗುವುದಿಲ್ಲ. ನಿನ್ನ ಅಬ್ಬಿಯ ಹತ್ತಿರ ಕೇಳಿದರೆ, "ಅವ್ಳಿಗೆ ಸಮ ಕಂಡದ್ದ್ ಬರೀಲಿ" ಎಂದು ಕೋಳಿಗೆ ಅಕ್ಕಿ ಹಾಕುತ್ತಾ ಆಚೆ ತಿರುಗುತ್ತಾಳೆ. ನೀವಿಬ್ಬರೂ ಸೇರಿ ಎಂತ ಮಾಡುತ್ತಿದ್ದೀರಿ?

ಬೇಗ ಕಳಿಸು. ಮಂಜನ ಮನೆಗೆ ಅದನ್ನು ಹಿಡಿದುಕೊಂಡೇ ಹೋಗಬೇಕು.

ಚಂದಯ್ಯ


ಬ್ರಹ್ಮಾವರ
4 ನವೆಂಬರ್ 2024

ಮಾವ,

ವರದಿ ನಾಲ್ಕು ಸಾಲಿನದ್ದಲ್ಲ. ಮೂರು ಸಲ ಬರೆದು ಹರಿದೆ. ಯಾಕೆಂದು ಕಳೆದ ಕಾಗದದಲ್ಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ನಿಮಗೆ ಸಿಟ್ಟು ಬಂದರೆ ಈ ಕಾಗದ ಒಲೆಗೆ ಹಾಕಿ, ಆದರೆ ಮೊದಲು ಓದಿ.

ಆ ಭಾನುವಾರ ಸಂಜೆ ಪರದೆಯ ಗಾಳದಂಥ ಗೀರುಗಳೆಲ್ಲ ನಿಂತಿದ್ದವು. ದೋಣಿಗಳು ಹಿಂದಕ್ಕೆ ಹೊರಟಿದ್ದವು. ಪರದೆಯಲ್ಲಿ ಕರೆಯ ಚಾನೆಲ್ ಒಂದು ಚೂರು ಕಲೆ ಇಲ್ಲದೆ ಇತ್ತು. ರತನ್ ಅವರು ಸಾಮಾನು ಕಟ್ಟುವ ಮೊದಲು ಕೊನೆಯ ಸಲ ನೋಡುತ್ತಿದ್ದರು. ಆಗ ಒಂದು ಕರೆ ಬಂತು. ಪರದೆಯ ನಡುವೆ ನೇರ, ಸ್ಪಷ್ಟ, ಇಡೀ ದಿನದಲ್ಲಿ ಅಷ್ಟು ಚೆಂದದ ಗೆರೆ ಬಂದಿರಲಿಲ್ಲ. ನೀವು ಹೆಡ್‌ಫೋನಿನ ಶಬ್ದವನ್ನು ಎಷ್ಟು ಜೋರು ಇಟ್ಟಿರುತ್ತೀರಿ ಎಂದರೆ ಪಕ್ಕದಲ್ಲಿದ್ದ ನಮಗೂ ಮಾತು ಕೇಳಿಸಿತು: "ಹ್ವಾಯ್ ಚಂದಯ್ಯಣ್ಣ, ಅಳಿವೆಯಗೆ ತೆರೆ ಹ್ಯಾಂಗಿತ್?"

ನೀವು ನನ್ನ ಕಡೆ ತಿರುಗಿ, "ಕಾಣ್, ಮತ್ತೆ ಕರಕರ ಬಂತ್" ಅಂದಿರಿ.

ನಾನು ಪರದೆ ನೋಡಿದೆ. ಕರಕರ ಇರಲಿಲ್ಲ, ಮಾವ. ರತನ್ ಅವರೂ ನೋಡಿದರು, ವಯರು ಸುತ್ತಲು ಶುರುಮಾಡಿದರು. ಅಮ್ಮ ಅಡುಗೆ ಕೋಣೆಯಿಂದ ಬಂದು, ನಿಮ್ಮ ಹೆಗಲು ಮುಟ್ಟಿ, ಮೈಕು ತೆಗೆದುಕೊಂಡು, "ತೆರೆ ಕಮ್ಮಿ ಇತ್, ಬನ್ನಿ" ಎಂದಳು. ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು. ದಿನಾ ಮಾಡುವ ಕೆಲಸದ ಹಾಗೆ ಮಾಡಿ ಒಳಗೆ ಹೋದಳು. ದಿನಾ ಮಾಡುವ ಕೆಲಸವೇ ಅದು ಎಂದು ನನಗೆ ಆಗ ತಿಳಿಯಿತು. ಅವಳು ಬಸ್ ಸ್ಟಾಪಿಗೆ ಬಿಡಲು ಬಂದಾಗ ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಸುಮಾರ್ ಸಮಯ ಆಯ್ತ್. ಅವ್ರಿಗೆ ಹೇಳ್ಬೇಡ" ಅಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತು ಎಂದರೆ ಬಸ್ಸು ಹತ್ತಿದ ಮೇಲೆ ಕೈ ಕೂಡ ಬೀಸಲಿಲ್ಲ. ಇಬ್ಬರೂ ಒಂದೇ ಜಗಲಿಯಲ್ಲಿ ಇದ್ದುಕೊಂಡು, ಒಬ್ಬರಿಗೆ ಕೇಳಿಸುವುದಿಲ್ಲ, ಇನ್ನೊಬ್ಬರು ಹೇಳುವುದಿಲ್ಲ. ಫೋನಿನಲ್ಲಿ ನಾನು ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡುವವಳಲ್ಲ, ಮಾವ.

ಮಂಜಣ್ಣನ ದೋಣಿ ಒಡೆದ ದಿನ ಅಮ್ಮ ಮನೆಯಲ್ಲಿ ಇರಲಿಲ್ಲ. ನನಗೆ ಜ್ವರ ಎಂದು ಗಂಜಿ ಮಾಡಿಕೊಡಲು ಇಲ್ಲಿಗೆ ಬಂದಿದ್ದಳು. ಇದು ನೆನಪಾದಾಗಿನಿಂದ ಆ ಜ್ವರಕ್ಕೇ ಬೈಯುತ್ತಿದ್ದೇನೆ.

ಆ ದಿನ ಅವನ ಕರೆಯನ್ನು ಗುಂಡಿಯ ಟಕ್ಕು ತಿಂದಿತೋ, ಅಥವಾ ಕರೆ ಸರಿಯಾಗಿಯೇ ಬಂದು ನಿಮಗೆ ತಿಳಿಯಲಿಲ್ಲವೋ, ನಾನು ಹೇಳಲಾರೆ. ಯಂತ್ರ ಚಾಲೂ ಇದ್ದಾಗ ಬಂದದ್ದನ್ನು ಅದು ಒಂದೂ ಬಿಡದೆ ತೋರಿಸುತ್ತದೆ. ಆಗಸ್ಟ್ ತಿಂಗಳಿನ ಗಾಳಿಯನ್ನು ತೋರಿಸುವುದಿಲ್ಲ. ಎರಡೂ ನಿಜ ಇರಬಹುದು.

ವರದಿಯಲ್ಲಿ ಬರೀ ಗಾಳದ ಚಿತ್ರ ಹಾಕಿ ಕೊಟ್ಟರೆ ಅದರಲ್ಲಿ ಸುಳ್ಳು ಒಂದೂ ಇರುವುದಿಲ್ಲ. ನಿಮ್ಮ ಕುರ್ಚಿಯೂ ಉಳಿಯುತ್ತದೆ. ಇನ್ನೊಬ್ಬ ಅಳಿವೆಯಲ್ಲಿ ನಿಂತು ಕರೆಯುವ ದಿನ ಅಮ್ಮ ಸಂತೆಗೆ ಹೋಗಿದ್ದರೆ ಎಂದು ಯೋಚಿಸಿದರೆ ಪೆನ್ನು ಮುಂದೆ ಹೋಗುವುದಿಲ್ಲ. ನಿಮ್ಮನ್ನು ಕೇಳದೆ ನಾನು ಏನನ್ನೂ ಕಳಿಸುವುದಿಲ್ಲ. ಏನು ಬರೆಯಲಿ ಎಂದು ನೀವೇ ಹೇಳಿ.

ಸೌಮ್ಯಶ್ರೀ


ಕೊಡೇರಿ
13 ನವೆಂಬರ್ 2024

ಸೌಮ್ಯಶ್ರೀಗೆ,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ಹಾಕಲು ಹೋಗಿದ್ದೆ, ನಿನ್ನ ಅಬ್ಬಿ ಒಲೆಯ ಎದುರು ಕೂತಿದ್ದಳು. ನಿನಗೆ ಇಷ್ಟು ಹಟ ಎಲ್ಲಿಂದ ಬಂತು ಎಂದು ನನಗೆ ಗೊತ್ತು, ಹಾಗಾಗಿ ಬೈಯುವ ಹಾಗೂ ಇಲ್ಲ. ನಿನ್ನ ಜ್ವರದ್ದು ತಪ್ಪಲ್ಲ, ಅದನ್ನು ತಲೆಯಿಂದ ತೆಗೆ.

ಮೀಟಿಂಗಿಗೆ ನಾನು ಹೋಗಲಿಲ್ಲ. ತೀರ್ಮಾನ ಮುಂದಕ್ಕೆ ಹಾಕಿದ್ದಾರಂತೆ. ಮೊನ್ನೆ ನಿನ್ನ ಅಬ್ಬಿ ವನಜಳನ್ನು ಕರೆದುಕೊಂಡು ಮಂಜನ ಮನೆಗೆ ಹೋದೆ. ನಿನ್ನ ವರದಿ ಇಲ್ಲದೆ, ಬರಿಗೈಯಲ್ಲಿ. ಅವ ಗೋಡೆಗೆ ಒರಗಿ ಕೂತಿದ್ದ, ಎಷ್ಟು ಸೊರಗಿದ್ದಾನೆ ಎಂದರೆ ನನಗೆ ಅವನ ಅಪ್ಪನೇ ಕೂತ ಹಾಗೆ ಕಂಡಿತು. ಸಿಟ್ಟು ಮಾಡುತ್ತಾನೆ ಎಂದು ಹೋಗಿದ್ದೆ. ಸಿಟ್ಟು ಮಾಡಲಿಲ್ಲ. ನನ್ನ ಕೈ ಹಿಡಿದುಕೊಂಡು ಸಣ್ಣ ಸ್ವರದಲ್ಲಿ ತುಂಬ ಹೊತ್ತು ಮಾತಾಡಿದ. ನೋವಿನ ವಿಷಯ, ಡಾಕ್ಟರ ವಿಷಯ ಹೇಳುತ್ತಿದ್ದಾನೆ ಎಂದುಕೊಂಡೆ. ನಾನು ಹೌದು ಹೌದು ಎಂದು ತಲೆ ಆಡಿಸುತ್ತಾ ಕೂತೆ. ಅವ ಕೈ ಬಿಟ್ಟ. ಆಮೇಲೆ ಗೋಡೆಯ ಕಡೆ ತಿರುಗಿದವ ನಾವು ಎದ್ದು ಬರುವವರೆಗೂ ಈಚೆ ತಿರುಗಲಿಲ್ಲ.

ಗದ್ದೆಯ ಅಂಚಿನಲ್ಲಿ ಬರುವಾಗ ವನಜ ಮುಂದೆ ಮುಂದೆ ಹೋಗುತ್ತಿದ್ದಳು. ತಡೆದು ನಿಲ್ಲಿಸಿದೆ. ಅವಳು ಅಳುತ್ತಿದ್ದಳು. ಮಂಜ ನನ್ನ ಹತ್ತಿರ ಕೇಳಿದ್ದು ಒಂದೇ ಮಾತಂತೆ, ಅದನ್ನೇ ಮತ್ತೆ ಮತ್ತೆ ಕೇಳಿದನಂತೆ: "ಆ ದಿನ ನಾನ್ ಕರ್ದದ್ದ್ ನಿಮ್ಗೆ ಕೇಂಡಿತ್ತಾ, ಚಂದಯ್ಯಣ್ಣ? ಕೇಂಡಿತ್ತ್ ಅಂದ್ರೆ ಹೌದ್ ಅನ್ನಿ."

ನಾನು ಹೌದು ಅಂದು ಬಂದಿದ್ದೇನೆ.

ವನಜ ಮರಳಿ ಹೋಗಿ ಹೇಳುತ್ತೇನೆ ಎಂದಳು, ನಾನೇ ಬೇಡ ಎಂದೆ. ತಂಗಿ ಅಣ್ಣನ ಪರ ಬಂದು ಹೇಳಿದರೆ ಅವ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕೇಳಿಯೂ ಸುಮ್ಮನೆ ಕೂತವ ಎಂದು ಅವ ನನ್ನನ್ನು ಇನ್ನು ಹೆಚ್ಚು ದಿನ ತಿಳಿದುಕೊಂಡಿರಬಾರದು. ಅದನ್ನು ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ವಯರ್ಲೆಸ್ಸಿನ ಎದುರು ನಿನ್ನೆಯಿಂದ ವನಜ ಕೂತಿದ್ದಾಳೆ. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಗಣಪ ಬಂದ. ಇಷ್ಟು ಸಮಯ ನಿನ್ನ ದೋಣಿಗೆ ದಾರಿ ಹೇಳಿದ್ದು ಯಾರೆಂದುಕೊಂಡೆ ಎಂದು ಕೇಳಿದೆ. ಅವ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಹೋದ. ಕುಂದಾಪುರದ ಡಾಕ್ಟರಲ್ಲಿಗೆ ಬರುವ ವಾರ ಹೋಗುವ, ನೀನು ರಜೆ ಹಾಕು.

ವರದಿಯಲ್ಲಿ ಎರಡನ್ನೂ ಬರೆ. ಗುಂಡಿಯ ಚಿತ್ರ ಹಾಕು, ಆ ಸಂಜೆಯ ನೇರ ಗೆರೆಯ ಚಿತ್ರವನ್ನೂ ಹಾಕು. ಚಂದಯ್ಯನಿಗೆ ಕಿವಿ ಕೇಳುವುದಿಲ್ಲ ಎಂದು ಮೊದಲನೇ ಪುಟದಲ್ಲಿ, ಯಾರಿಗೂ ಸಂಶಯ ಬಾರದ ಹಾಗೆ ಬರೆ. ಮಂಜನಿಗೆ ನಾನೇ ಹೋಗಿ ಓದಿ ಹೇಳಬೇಕು.

ನಿನ್ನ ಮಾವ
ಚಂದಯ್ಯ